ಅಚ್ಚುಯಂತ್ರಕ್ಕೆ ಎಲ್ಲೆ: ಗ್ರಿಗೊರಿ ಸೊಕೊಲ್ನಿಕೊವ್ ಮತ್ತು ಸೋವಿಯತ್ ಚಿನ್ನದ ನೋಟು

ರಷ್ಯಾದ 1917ರ ಕ್ರಾಂತಿಯನ್ನು ಕುರಿತು ಓದಿದವರಿಗೆ ಲೆನಿನ್, ಟ್ರಾಟ್‌ಸ್ಕಿ, ಸ್ಟಾಲಿನ್, ಬುಖಾರಿನ್ ಮೊದಲಾದವರ ಹೆಸರುಗಳು ಚಿರಪರಿಚಿತ. ಅವರ ಸಾಲಿನಲ್ಲಿಯೇ ನಿಂತು, ಕಾಗದದ ಚೂರಿನ ಮಟ್ಟಕ್ಕೆ ಇಳಿದಿದ್ದ ಒಂದು ದೇಶದ ಹಣಕ್ಕೆ ಎರಡೇ ವರ್ಷಗಳಲ್ಲಿ ಮತ್ತೆ ಬೆಲೆ ತಂದುಕೊಟ್ಟ ಗ್ರಿಗೊರಿ ಯಾಕೊವ್ಲೆವಿಚ್ ಸೊಕೊಲ್ನಿಕೊವ್‌ನ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಅವನ ಏಳಿಗೆಯನ್ನು ಹಣಕಾಸಿನ ಚರಿತ್ರೆಯಲ್ಲಿಯೂ ಪತನವನ್ನು ಸ್ಟಾಲಿನ್‌ಯುಗದ ದಮನದ ಚರಿತ್ರೆಯಲ್ಲಿಯೂ ಹಂಚಿಹಾಕಿ ಬರೆಯುವುದು ರೂಢಿಯಾಗಿದೆ. ಹಾಗೆ ಹಂಚಿದಾಗ ಅವೆರಡನ್ನೂ ಕಟ್ಟಿಹಿಡಿದಿದ್ದ ಒಂದು ವಿಚಾರ ಮರೆಯಾಗುತ್ತದೆ. ಅಧಿಕಾರವು ತನಗೆ ತಾನೇ ಎಲ್ಲೆ ಹಾಕಿಕೊಳ್ಳದಿದ್ದರೆ ಅದರ ಮೇಲೆ ಯಾರೂ ವಿಶ್ವಾಸವಿಡಲಾರರು ಎಂಬುದೇ ಆ ವಿಚಾರ. ಅದನ್ನು ಅವನು ಮೊದಲು ನೋಟು ಅಚ್ಚುಹಾಕುವ ಯಂತ್ರಕ್ಕೆ ಅನ್ವಯಿಸಿ ಗೆದ್ದನು, ಅನಂತರ ಪಕ್ಷದ ಪ್ರಧಾನ ಕಾರ್ಯದರ್ಶಿಯ ಹುದ್ದೆಗೆ ಅನ್ವಯಿಸಲು ಹೋಗಿ ಸೋತನು.

ಇಂದು ಉಕ್ರೇನಿಗೆ ಸೇರಿರುವ ರೊಮ್ನಿ ಎಂಬ ಪಟ್ಟಣದಲ್ಲಿ 1888ರಲ್ಲಿ ಯಹೂದಿ ವೈದ್ಯನೊಬ್ಬನ ಮಗನಾಗಿ ಹುಟ್ಟಿದ ಇವನ ಮೂಲ ಹೆಸರು ಗಿರ್ಶ್ ಬ್ರಿಲ್ಯಾಂಟ್. ಸೊಕೊಲ್ನಿಕೊವ್ ಎಂಬುದು ಕ್ರಾಂತಿಕಾರಿ ಚಟುವಟಿಕೆಗಾಗಿ ತಳೆದ ಹೆಸರು. ಮಾಸ್ಕೋದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1905ರ ಕ್ರಾಂತಿಯ ವರ್ಷದಲ್ಲಿ, ರಷ್ಯಾದ ಸಮಾಜವಾದಿ ಪಕ್ಷದೊಳಗೆ ಲೆನಿನ್ ನಾಯಕತ್ವದ ಉಗ್ರ ಬಣವಾಗಿದ್ದ ಬೊಲ್ಶೆವಿಕರನ್ನು ಸೇರಿದನು. 1907ರಲ್ಲಿ ಸೆರೆಸಿಕ್ಕಿ, ಸೈಬೀರಿಯಾಕ್ಕೆ ಗಡಿಪಾರಾಗಿ, ಅಲ್ಲಿಂದ ತಪ್ಪಿಸಿಕೊಂಡು ಪ್ಯಾರಿಸ್ ತಲುಪಿದ ಮೇಲೆ ಅವನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಾನೂನನ್ನೂ ಅರ್ಥಶಾಸ್ತ್ರವನ್ನೂ ಕ್ರಮವಾಗಿ ವ್ಯಾಸಂಗ ಮಾಡಿದನು. ಬೊಲ್ಶೆವಿಕ್ ನಾಯಕರಲ್ಲಿ ಅರ್ಥಶಾಸ್ತ್ರದ ಬಗ್ಗೆ ಬರೆದವರು ಹಲವರಿದ್ದರೂ ಬ್ಯಾಂಕು, ಸಾಲ, ವಿನಿಮಯಗಳ ಒಳಗುಟ್ಟನ್ನು ಹೀಗೆ ಶಿಸ್ತಾಗಿ ಕಲಿತವರು ವಿರಳವಾಗಿದ್ದರು ಎಂಬುದನ್ನು ನೆನಪಿನಲ್ಲಿಟ್ಟರೆ ಅವನ ಮುಂದಿನ ಪಾತ್ರ ಅರ್ಥವಾಗುತ್ತದೆ.

1917ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನಿಂದ ಜರ್ಮನಿಯ ಮೂಲಕ ಲೆನಿನ್‌ನನ್ನು ರಷ್ಯಾಕ್ಕೆ ಕರೆತಂದ ಪ್ರಸಿದ್ಧ ರೈಲಿನಲ್ಲಿ ಸೊಕೊಲ್ನಿಕೊವ್ ಇದ್ದನು. ಆಗಸ್ಟ್ ಹೊತ್ತಿಗೆ ಪಕ್ಷದ ಕೇಂದ್ರ ಸಮಿತಿಗೆ ಆಯ್ಕೆಯಾದ ಅವನು, ದಂಗೆಯೇಳುವ ನಿರ್ಧಾರವಾದ ಅಕ್ಟೋಬರ್ ಸಭೆಯಲ್ಲಿ ರಚಿತವಾದ ಏಳು ಜನರ ರಾಜಕೀಯ ಮಂಡಲಿಯಲ್ಲಿ, ಅಂದರೆ ಮುಂದೆ ಪೊಲಿಟ್‌ಬ್ಯೂರೊ ಎಂದು ಲೋಕಪ್ರಸಿದ್ಧವಾದ ಸಂಸ್ಥೆಯ ಮೊದಲ ರೂಪದಲ್ಲಿ, ಲೆನಿನ್, ಟ್ರಾಟ್‌ಸ್ಕಿ, ಸ್ಟಾಲಿನ್, ಜಿನೊವಿಯೆವ್, ಕಾಮೆನೆವ್ ಮತ್ತು ಬುಬ್ನೊವ್ ಜೊತೆಗೆ ಸ್ಥಾನ ಪಡೆದನು. ಅಧಿಕಾರ ಕೈಗೆ ಬಂದ ಮೇಲೆ ಖಾಸಗಿ ಬ್ಯಾಂಕುಗಳ ರಾಷ್ಟ್ರೀಕರಣವನ್ನು ನಡೆಸಿಕೊಡುವ ಹೊಣೆ ಅವನ ಪಾಲಿಗೆ ಬಂದಿತು. 1918ರ ಮಾರ್ಚ್ 3ರಂದು ಬ್ರೆಸ್ಟ್-ಲಿಟೊವ್‌ಸ್ಕ್‌ನಲ್ಲಿ ಜರ್ಮನಿ ಮತ್ತು ಅದರ ಮಿತ್ರರಾಷ್ಟ್ರಗಳೊಂದಿಗೆ ಆದ ಒಪ್ಪಂದಕ್ಕೆ ರಷ್ಯಾದ ನಿಯೋಗದ ಮುಖ್ಯಸ್ಥನಾಗಿ ಸಹಿಮಾಡಿದವನೂ ಅವನೇ. ಪೋಲೆಂಡ್, ಬಾಲ್ಟಿಕ್ ಪ್ರದೇಶ, ಉಕ್ರೇನ್‌ಗಳನ್ನು ಬಿಟ್ಟುಕೊಡಬೇಕಾಗಿದ್ದ ಆ ಒಪ್ಪಂದದ ಷರತ್ತುಗಳನ್ನು ಚರ್ಚಿಸಲು ಸಹ ಅವನು ನಿರಾಕರಿಸಿದನು. ಬಂದೂಕಿನ ಬಾಯಿಯ ಮುಂದೆ ಹೇರಲ್ಪಟ್ಟ ಶಾಂತಿಗೆ ಚರ್ಚೆಯ ಮರ್ಯಾದೆ ಸಲ್ಲಬಾರದೆಂಬುದು ಅವನ ನಿಲುವಾಗಿತ್ತು. ಯಾರೂ ತಮ್ಮ ಹೆಸರನ್ನು ಸೇರಿಸಿಕೊಳ್ಳಲು ಬಯಸದಿದ್ದ ಆ ಕಾಗದಕ್ಕೆ, ದೇಶಕ್ಕೆ ಉಸಿರಾಡಲು ಬಿಡುವು ಬೇಕು ಎಂಬ ಒಂದೇ ಕಾರಣದಿಂದ ಸಹಿ ಹಾಕಿದ ಧೈರ್ಯಕ್ಕೆ ಚರಿತ್ರಕಾರರು ಸಾಕಷ್ಟು ಮನ್ನಣೆ ಕೊಟ್ಟಿಲ್ಲ.

ಅಂತರ್ಯುದ್ಧದಲ್ಲಿ 8ನೆಯ ಸೇನೆಯ ದಂಡನಾಯಕನಾಗಿ ಕೆಲಸಮಾಡಿದ ಬಳಿಕ 1920ರಲ್ಲಿ ಅವನನ್ನು ತುರ್ಕಿಸ್ತಾನಕ್ಕೆ, ಅಂದರೆ ತಾಷ್ಕೆಂಟನ್ನು ಕೇಂದ್ರವಾಗಿಟ್ಟುಕೊಂಡ ಮಧ್ಯ ಏಷ್ಯಾದ ಪ್ರಾಂತಕ್ಕೆ, ಸರ್ವಾಧಿಕಾರದೊಂದಿಗೆ ಕಳುಹಿಸಲಾಯಿತು. ಭಾರತದ ಚರಿತ್ರೆಯೊಂದಿಗೆ ಅವನ ಬದುಕು ತಾಗುವುದು ಇಲ್ಲಿಯೇ: ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಎಂಬ ಅಂತರರಾಷ್ಟ್ರೀಯ ಸಂಘಟನೆಯ ಮಧ್ಯ ಏಷ್ಯಾ ಮಂಡಲಿಯಲ್ಲಿ ಅವನ ಸಹೋದ್ಯೋಗಿಯಾಗಿದ್ದವರು ಭಾರತೀಯ ಕ್ರಾಂತಿಕಾರಿ ಎಂ. ಎನ್. ರಾಯ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೇಶಾಂತರದಲ್ಲಿದ್ದ ಭಾರತೀಯರ ಕಮ್ಯುನಿಸ್ಟ್ ಪಕ್ಷವೊಂದನ್ನು ರಾಯ್ ತಾಷ್ಕೆಂಟಿನಲ್ಲಿ ಸ್ಥಾಪಿಸಿದರು. ಅಲ್ಲಿ ಸೊಕೊಲ್ನಿಕೊವ್ ಮಾಡಿದ ಆಡಳಿತ ಹೆಚ್ಚು ಗಮನಾರ್ಹವಾದುದು. ರೈತರಿಂದ ದವಸವನ್ನು ಬಲವಂತವಾಗಿ ಕಸಿದುಕೊಳ್ಳುವ ಪದ್ಧತಿಯನ್ನು ಕೈಬಿಟ್ಟು ಅದರ ಬದಲು ನಿಗದಿತ ತೆರಿಗೆ ವಿಧಿಸಿದ್ದು, ಮುಚ್ಚಿದ್ದ ಬಜಾರುಗಳನ್ನು ತೆರೆಸಿದ್ದು, ಬೆಲೆ ಕಳೆದುಕೊಂಡಿದ್ದ ಸ್ಥಳೀಯ ನೋಟುಗಳನ್ನು ಬದಲಾಯಿಸಿದ್ದು, ಇವೆಲ್ಲ ಮಾಸ್ಕೋ ಅಂಥದೇ ನೀತಿಯನ್ನು ಇಡೀ ದೇಶಕ್ಕೆ ಘೋಷಿಸುವ ಮೊದಲೇ ಅಲ್ಲಿ ಆರಂಭವಾಗಿದ್ದವು.

ಆ ನೀತಿ ಯಾಕೆ ಅನಿವಾರ್ಯವಾಯಿತೆಂಬುದನ್ನು ತಿಳಿಯಲು ಅಂದಿನ ಹಣದ ಸ್ಥಿತಿಯನ್ನು ನೋಡಬೇಕು. 1897ರಲ್ಲಿ ಚಿನ್ನದ ಆಧಾರದ ಮೇಲೆ ನಿಂತಿದ್ದ ರಷ್ಯಾದ ರೂಬಲ್ ಪ್ರಪಂಚದಲ್ಲಿ ಗೌರವವಿದ್ದ ನಾಣ್ಯವಾಗಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ನೋಟಿಗೆ ಪ್ರತಿಯಾಗಿ ಚಿನ್ನ ಕೊಡುವುದನ್ನು ತ್ಸಾರ್ ಸರ್ಕಾರ ನಿಲ್ಲಿಸಿ ಯುದ್ಧದ ಖರ್ಚಿಗೆ ನೋಟು ಅಚ್ಚುಹಾಕತೊಡಗಿತು. ಬೊಲ್ಶೆವಿಕರು ಅದೇ ದಾರಿಯಲ್ಲಿ ಇನ್ನೂ ವೇಗವಾಗಿ ಸಾಗಿದರು. ಅವರಲ್ಲಿ ಅನೇಕರಿಗೆ ಇದು ದುರಂತವಾಗಿ ಕಾಣಲಿಲ್ಲ ಎಂಬುದೇ ವಿಶೇಷ. ಪ್ರಿಯೊಬ್ರಝೆನ್‌ಸ್ಕಿ ಎಂಬ ಪಕ್ಷದ ಮೇಧಾವಿ ಅರ್ಥಶಾಸ್ತ್ರಜ್ಞನು ಕಾಗದದ ಹಣದ ಬಗ್ಗೆ 1920ರಲ್ಲಿ ಬರೆದ ಪುಸ್ತಕದಲ್ಲಿ, ಹಣಕಾಸು ಇಲಾಖೆಯ ಅಚ್ಚುಯಂತ್ರವನ್ನು ಸಿರಿವಂತ ವರ್ಗದ ಮೇಲೆ ಗುಂಡು ಹಾರಿಸಿದ ಮೆಷಿನ್ ಗನ್ನಿಗೆ ಹೋಲಿಸಿ ಹೊಗಳಿದನು. ಹಣವೇ ಇಲ್ಲದ ಸಮಾಜ ಹತ್ತಿರವಾಯಿತೆಂದು ನಂಬಿದವರೂ ಇದ್ದರು. ನಿಜವಾಗಿ ಹತ್ತಿರವಾದದ್ದು ಬರಗಾಲ. ಬಿತ್ತಿದ ಬೆಳೆ ತನ್ನದಾಗಿ ಉಳಿಯುವುದಿಲ್ಲವೆಂದು ಕಂಡ ರೈತನು ಬಿತ್ತನೆಯನ್ನೇ ಕಡಿಮೆಮಾಡಿದನು. ಅದರ ಮೇಲೆ ಮಳೆ ಕೈಕೊಟ್ಟಾಗ 1921–22ರ ಕ್ಷಾಮದಲ್ಲಿ ವೋಲ್ಗಾ ನದಿಯ ಪ್ರದೇಶವೂ ದಕ್ಷಿಣ ಉಕ್ರೇನೂ ಲಕ್ಷಾಂತರ ಜನರನ್ನು ಕಳೆದುಕೊಂಡವು. 1921ರ ಮಾರ್ಚ್‌ನಲ್ಲಿ ಲೆನಿನ್ ಹಿಂದೆ ಸರಿದು, ರೈತನು ತೆರಿಗೆ ಕೊಟ್ಟ ಮೇಲೆ ಉಳಿದುದನ್ನು ಮಾರುಕಟ್ಟೆಯಲ್ಲಿ ಮಾರಬಹುದೆಂಬ ಹೊಸ ಆರ್ಥಿಕ ನೀತಿಯನ್ನು ತಂದನು. ಆದರೆ ಮಾರುಕಟ್ಟೆಗೆ ಹಣ ಬೇಕು, ಇದ್ದ ಹಣವನ್ನು ಯಾರೂ ನಂಬುತ್ತಿರಲಿಲ್ಲ.

ಹಣಕಾಸಿನ ಕಮಿಸಾರ್, ಎಂದರೆ ಮಂತ್ರಿ, ಆಗಿದ್ದ ಕ್ರೆಸ್ತಿನ್‌ಸ್ಕಿ ಬರ್ಲಿನ್‌ಗೆ ರಾಯಭಾರಿಯಾಗಿ ಹೋಗಿದ್ದರಿಂದ ಇಲಾಖೆಯ ಹೊಣೆ 1922ರಲ್ಲಿ ಸೊಕೊಲ್ನಿಕೊವ್ ಹೆಗಲಿಗೆ ಬಿದ್ದಿತು. ವರ್ಷದ ಕೊನೆಗೆ ಹುದ್ದೆಯೂ ಅವನದಾಯಿತು. ಅವನು ಇಟ್ಟ ಮೊದಲ ಹೆಜ್ಜೆಯೆಂದರೆ ಕೆಲಸ ತಿಳಿದವರನ್ನು ಕರೆತಂದುದು. ತ್ಸಾರ್ ಕಾಲದಲ್ಲಿ ಮಂತ್ರಿಯಾಗಿದ್ದು, ಉದಾರವಾದಿ ಪಕ್ಷದಲ್ಲಿ ಗುರುತಿಸಿಕೊಂಡು, ಬೊಲ್ಶೆವಿಕರ ಸೆರೆಮನೆಯನ್ನೂ ಕಂಡಿದ್ದ ನಿಕೊಲಾಯ್ ಕುಟ್ಲರ್ 1921ರಲ್ಲಿ ಸ್ಥಾಪಿತವಾಗಿದ್ದ ಸರ್ಕಾರಿ ಬ್ಯಾಂಕಿನ ಆಡಳಿತ ಮಂಡಲಿಯಲ್ಲಿದ್ದನು. ಲಿಯೊನಿದ್ ಯುರೊವ್‌ಸ್ಕಿ ಎಂಬ ಅರ್ಥಶಾಸ್ತ್ರಜ್ಞನು ಇಲಾಖೆಯ ಹಣಚಲಾವಣೆ ವಿಭಾಗವನ್ನು ನೋಡಿಕೊಂಡನು. ವರ್ಗಶತ್ರುಗಳೆಂದು ಹಣೆಪಟ್ಟಿ ಹೊತ್ತವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಆ ಕಾಲದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

1922ರ ಅಕ್ಟೋಬರ್ 11ರ ಆಜ್ಞೆಯಂತೆ ಸರ್ಕಾರಿ ಬ್ಯಾಂಕಿಗೆ ಚೆರ್ವೊನೆಟ್ಸ್ ಎಂಬ ಹೊಸ ನೋಟನ್ನು ಹೊರಡಿಸುವ ಅಧಿಕಾರ ದೊರೆಯಿತು. ಹಳೆಯ ರಷ್ಯಾದಲ್ಲಿ ಚಿನ್ನದ ನಾಣ್ಯಕ್ಕೆ ಜನ ಬಳಸುತ್ತಿದ್ದ ಹೆಸರನ್ನೇ ಆರಿಸಿಕೊಂಡು, ಒಂದು ಚೆರ್ವೊನೆಟ್ಸ್ ಎಂದರೆ 7.74234 ಗ್ರಾಂ ಅಪ್ಪಟ ಚಿನ್ನ ಎಂದು ಗೊತ್ತುಪಡಿಸಲಾಯಿತು. ಇದು ಯುದ್ಧಪೂರ್ವದ 10 ರೂಬಲ್‌ಗಳಿಗೆ ಸಮ. ಆದರೆ ನೋಟಿನ ನಿಜವಾದ ಬಲವಿದ್ದದ್ದು ಈ ತೂಕದಲ್ಲಿ ಅಲ್ಲ, ಅದನ್ನು ಹೊರಡಿಸುವ ನಿಯಮದಲ್ಲಿ. ಹೊರಟ ನೋಟುಗಳ ಒಟ್ಟು ಮೊತ್ತದ ನಾಲ್ಕನೆಯ ಒಂದು ಭಾಗಕ್ಕೆ ಬ್ಯಾಂಕಿನ ಬಳಿ ಅಮೂಲ್ಯ ಲೋಹವೋ ಸ್ಥಿರ ವಿದೇಶಿ ಹಣವೋ ಇರಲೇಬೇಕಿತ್ತು. ಉಳಿದ ಭಾಗಕ್ಕೆ ಸುಲಭವಾಗಿ ಮಾರಾಟವಾಗುವ ಸರಕುಗಳೂ ಅಲ್ಪಾವಧಿಯ ಹುಂಡಿಗಳೂ ಆಧಾರವಾಗಿರಬೇಕಿತ್ತು. ಹುಂಡಿಯೆಂದರೆ ಸರಕು ಕೊಂಡ ವ್ಯಾಪಾರಿ ಇಂತಿಷ್ಟು ದಿನಗಳಲ್ಲಿ ಹಣ ಕೊಡುತ್ತೇನೆಂದು ಬರೆದುಕೊಡುವ ಪತ್ರ. ಹುಂಡಿಯ ಹಿಂದೆ ನಿಜವಾದ ಸರಕು ಇರುವುದರಿಂದ, ಸಾಲ ತೀರಿದಾಗ ನೋಟು ತಾನಾಗಿ ಬ್ಯಾಂಕಿಗೆ ಮರಳುವುದರಿಂದ, ನೋಟುಗಳ ಪ್ರಮಾಣ ವ್ಯಾಪಾರದ ಅಗತ್ಯವನ್ನು ಮೀರಿ ಬೆಳೆಯದು ಎಂಬುದು ಇದರ ಹಿಂದಿನ ತರ್ಕ. ಸರ್ಕಾರಕ್ಕೆ ಖರ್ಚಿಗೆ ಬೇಕಾಯಿತೆಂಬ ಕಾರಣಕ್ಕೆ ಮನಬಂದಂತೆ ನೋಟು ಅಚ್ಚುಹಾಕುವುದಕ್ಕೆ ಆ ನಿಯಮದಲ್ಲಿ ಎಡೆಯಿರಲಿಲ್ಲ.

ಹಾಗಾದರೆ ಸರ್ಕಾರದ ಖರ್ಚು ನಡೆಯುವುದು ಹೇಗೆ? ತೆರಿಗೆ ವಸೂಲಿಯ ಯಂತ್ರ ಇನ್ನೂ ಕೂಡಿಬಂದಿರದಿದ್ದ ಕಾರಣ, ಹಳೆಯ ಸೊವ್‌ಜ್ನಾಕ್ ಎಂಬ ಖಜಾನೆ ನೋಟನ್ನು ಸ್ವಲ್ಪ ಕಾಲ ಹಾಗೆಯೇ ಅಚ್ಚುಹಾಕಲು ಬಿಟ್ಟು, ಎರಡು ಹಣಗಳು ಒಂದೇ ದೇಶದಲ್ಲಿ ಅಕ್ಕಪಕ್ಕ ಓಡಾಡುವಂತೆ ಮಾಡಲಾಯಿತು. ಸೊವ್‌ಜ್ನಾಕ್ ಎಷ್ಟು ಸೊನ್ನೆಗಳನ್ನು ಹೊತ್ತುಕೊಂಡಿತ್ತೆಂದರೆ 1922ರ ಹೊಸ ರೂಬಲ್ ಒಂದಕ್ಕೆ ಹಳೆಯ 10,000 ರೂಬಲ್‌ಗಳೂ, 1923ರ ರೂಬಲ್ ಒಂದಕ್ಕೆ 1922ರ 100 ರೂಬಲ್‌ಗಳೂ ಸಮವೆಂದು ಎರಡು ಬಾರಿ ಸೊನ್ನೆ ಕಳೆಯಬೇಕಾಯಿತು. ಈ ಮಧ್ಯಂತರ ವ್ಯವಸ್ಥೆಯ ಭಾರ ಸಮನಾಗಿ ಹಂಚಿಕೆಯಾಗಲಿಲ್ಲ ಎಂಬುದನ್ನು ಸೊಕೊಲ್ನಿಕೊವ್‌ನನ್ನು ಮೆಚ್ಚುವವರೂ ಒಪ್ಪಬೇಕಾಗುತ್ತದೆ. ಚೆರ್ವೊನೆಟ್ಸ್ ದೊಡ್ಡ ಮೊತ್ತದ ನೋಟಾದ್ದರಿಂದ ಅದು ಕಾರ್ಖಾನೆಗಳ, ವ್ಯಾಪಾರಿ ಸಂಸ್ಥೆಗಳ ಕೈಯಲ್ಲಿ ಉಳಿಯಿತು. ಸಂತೆಯಲ್ಲಿ ಮೊಟ್ಟೆಯನ್ನೋ ಹಾಲನ್ನೋ ಮಾರುವ ಹಳ್ಳಿಯವರ ಕೈಗೆ ಬಂದದ್ದು ದಿನದಿನಕ್ಕೂ ಕರಗುವ ಸೊವ್‌ಜ್ನಾಕ್. ಚಿನ್ನದ ನೋಟು ಗಟ್ಟಿಯಾಗುತ್ತಿದ್ದ ತಿಂಗಳುಗಳಲ್ಲಿ ಅದರ ಬೆಲೆ ತೆತ್ತವರು ಬಹುಮಟ್ಟಿಗೆ ರೈತರು ಮತ್ತು ಕೂಲಿಯವರು.

ಅಷ್ಟರಲ್ಲಿ ಅವನಿಗೆ ಲೆನಿನ್ ಜೊತೆಗೇ ಒಂದು ಭಿನ್ನಾಭಿಪ್ರಾಯ ಎದುರಾಯಿತು. ವಿದೇಶ ವ್ಯಾಪಾರವೆಲ್ಲ ಸರ್ಕಾರದ ಏಕಸ್ವಾಮ್ಯದಲ್ಲಿರಬೇಕೆಂಬ ನಿಯಮವನ್ನು ಸಡಿಲಿಸಬೇಕೆಂದು ಸೊಕೊಲ್ನಿಕೊವ್ ವಾದಿಸಿದನು. 1922ರ ಅಕ್ಟೋಬರ್‌ನಲ್ಲಿ ಕೇಂದ್ರ ಸಮಿತಿ ಅವನ ಪ್ರಸ್ತಾಪವನ್ನು ಒಪ್ಪಿತು. ರೋಗಪೀಡಿತನಾಗಿದ್ದ ಲೆನಿನ್ ತೀವ್ರವಾಗಿ ಪ್ರತಿಭಟಿಸಿದ್ದರಿಂದ ಡಿಸೆಂಬರ್‌ನಲ್ಲಿ ಆ ನಿರ್ಣಯ ರದ್ದಾಯಿತು. ಹೀಗೆ ಸೋತ ಮೇಲೂ ಅವನು ಹಣಕಾಸು ಕಮಿಸಾರ್ ಆಗಿಯೇ ಮುಂದುವರಿದನು. ನಾಯಕನನ್ನು ವಿರೋಧಿಸಿಯೂ ಹುದ್ದೆಯಲ್ಲಿ ಉಳಿಯುವುದು ಆಗ ಇನ್ನೂ ಸಾಧ್ಯವಿತ್ತು.

1923ರಲ್ಲಿ ಬಂದ ಪರೀಕ್ಷೆ ಇನ್ನೂ ಕಠಿಣವಾದುದು. ಕಾರ್ಖಾನೆಯ ಸರಕುಗಳ ಬೆಲೆ ಏರುತ್ತ, ರೈತನ ದವಸದ ಬೆಲೆ ಇಳಿಯುತ್ತ ಹೋಗಿ, ನಕ್ಷೆಯಲ್ಲಿ ಎರಡು ಗೆರೆಗಳೂ ತೆರೆದ ಕತ್ತರಿಯ ಅಲಗುಗಳಂತೆ ಕಂಡದ್ದರಿಂದ ಟ್ರಾಟ್‌ಸ್ಕಿ ಅದನ್ನು ಕತ್ತರಿ ಎಂದು ಕರೆದನು. ಅಕ್ಟೋಬರ್ ವೇಳೆಗೆ ಎರಡರ ನಡುವಣ ಅಂತರ ಯುದ್ಧಪೂರ್ವಕ್ಕೆ ಹೋಲಿಸಿದರೆ ಸುಮಾರು 3 ಪಟ್ಟಾಗಿತ್ತು. ಕೈಗಾರಿಕೆಯ ಪರವಾಗಿ ಪ್ಯತಕೊವ್ ಮೊದಲಾದವರು ಇನ್ನಷ್ಟು ಸಾಲ ಕೇಳಿದರು. ಸೊಕೊಲ್ನಿಕೊವ್ ಇದ್ದ ಸಾಲವನ್ನೇ ಬಿಗಿಗೊಳಿಸಿದನು. ಬೆಲೆ ಏರಲಿ ಎಂದು ಸರಕನ್ನು ಗೋದಾಮಿನಲ್ಲಿ ಕೂಡಿಟ್ಟಿದ್ದ ಸರ್ಕಾರಿ ಕಾರ್ಖಾನೆಗಳು ಬ್ಯಾಂಕಿನಿಂದ ಹಣ ಸಿಗದೆ ಅದನ್ನು ಇಳಿಸಿದ ಬೆಲೆಗೆ ಮಾರಲೇಬೇಕಾಯಿತು, ಕತ್ತರಿ ಮುಚ್ಚಿಕೊಳ್ಳತೊಡಗಿತು. ಸಮಾಜವಾದಿ ಸರ್ಕಾರವೊಂದು ತನ್ನದೇ ಕಾರ್ಖಾನೆಗಳಿಗೆ ಮಾರುಕಟ್ಟೆಯ ಶಿಸ್ತನ್ನು ಹೇರಿದ ಈ ಪ್ರಸಂಗ ಅವನ ಆಡಳಿತದ ಅತ್ಯುತ್ತಮ ಗಳಿಗೆಯೆನ್ನಬಹುದು. ಕೈಗಾರಿಕಾ ವಲಯದಲ್ಲಿ ಅವನಿಗೆ ಶತ್ರುಗಳನ್ನು ಗಳಿಸಿಕೊಟ್ಟದ್ದೂ ಅದೇ.

1924ರ ಫೆಬ್ರವರಿ 5ರ ಆಜ್ಞೆಯಿಂದ 1, 3 ಮತ್ತು 5 ಚಿನ್ನದ ರೂಬಲ್‌ಗಳ ಸಣ್ಣ ಖಜಾನೆ ನೋಟುಗಳು ಬಂದವು. ಬೆಳ್ಳಿ, ತಾಮ್ರದ ನಾಣ್ಯಗಳು ಹಿಂಬಾಲಿಸಿದವು, ಅವುಗಳಲ್ಲಿ ಒಂದು ಪಾಲು ಇಂಗ್ಲೆಂಡಿನ ಟಂಕಸಾಲೆಯಲ್ಲಿ ಅಚ್ಚಾದುದು. ಸೊವ್‌ಜ್ನಾಕಿನ ಮುದ್ರಣ ನಿಂತಿತು. 1923ರ 50,000 ರೂಬಲ್‌ಗಳಿಗೆ ಒಂದು ಚಿನ್ನದ ರೂಬಲ್‌ನಂತೆ ಅದನ್ನು ಹಿಂಪಡೆಯಲಾಯಿತು. 1922ಕ್ಕಿಂತ ಹಿಂದಿನ ಲೆಕ್ಕದಲ್ಲಿ ಹೇಳುವುದಾದರೆ ಇದು 5,000 ಕೋಟಿ ರೂಬಲ್. ಅದೇ ಹೊತ್ತಿಗೆ ಆಯವ್ಯಯವೂ ಸರಿದೂಗತೊಡಗಿತು, ರೈತನ ತೆರಿಗೆ ದವಸದಿಂದ ಹಣಕ್ಕೆ ಬದಲಾಯಿತು. ವಿದೇಶಿ ಸಾಲದ ನೆರವಿಲ್ಲದೆ ಇಷ್ಟೆಲ್ಲ ನಡೆಯಿತು. ಸೊಕೊಲ್ನಿಕೊವ್ ಪೊಲಿಟ್‌ಬ್ಯೂರೊದ ಉಮೇದುವಾರ ಸದಸ್ಯನಾದನು, ಅಂದರೆ ಚರ್ಚೆಯ ಹಕ್ಕಿದ್ದು ಮತದಾನದ ಹಕ್ಕಿಲ್ಲದ ಸದಸ್ಯ. ಅವನ ಪ್ರಭಾವದ ಶಿಖರ ಇದು.

ಇಳಿಜಾರು ಆರಂಭವಾದದ್ದು 1925ರ ಡಿಸೆಂಬರ್‌ನಲ್ಲಿ ಸೇರಿದ ಪಕ್ಷದ 14ನೆಯ ಮಹಾಧಿವೇಶನದಲ್ಲಿ. ಲೆನಿನ್ ತೀರಿಕೊಂಡು ಸುಮಾರು ಎರಡು ವರ್ಷವಾಗಿತ್ತು; ಪ್ರಧಾನ ಕಾರ್ಯದರ್ಶಿಯಾಗಿದ್ದ ಸ್ಟಾಲಿನ್ ಪಕ್ಷದ ನೇಮಕಾತಿಗಳನ್ನೆಲ್ಲ ತನ್ನ ಹಿಡಿತಕ್ಕೆ ತೆಗೆದುಕೊಂಡಿದ್ದನು. ಜಿನೊವಿಯೆವ್, ಕಾಮೆನೆವ್, ಲೆನಿನ್‌ನ ಪತ್ನಿ ಕ್ರುಪ್‌ಸ್ಕಯಾ ಇವರು ಅವನ ವಿರುದ್ಧ ನಿಂತಾಗ ಸೊಕೊಲ್ನಿಕೊವ್ ಅವರ ಜೊತೆ ಸೇರಿದನು. ಮೇಲ್ನೋಟಕ್ಕೆ ಇದು ವಿಚಿತ್ರವಾದ ಮೈತ್ರಿ. ರೈತನಿಗೆ ಹೆಚ್ಚು ಸಲುಗೆ ಸಿಕ್ಕಿತೆಂದು ಆ ಬಣ ದೂರುತ್ತಿತ್ತು. ರೈತನ ಬೆಳೆಯನ್ನು ರಫ್ತುಮಾಡಿ, ಆ ಹಣದಿಂದ ಯಂತ್ರಗಳನ್ನು ತರಿಸಿ, ನಿಧಾನವಾಗಿ ಕೈಗಾರಿಕೆ ಕಟ್ಟಬೇಕೆನ್ನುತ್ತಿದ್ದ ಸೊಕೊಲ್ನಿಕೊವ್ ಆರ್ಥಿಕ ವಿಚಾರದಲ್ಲಿ ಆಗ ಸ್ಟಾಲಿನ್ ಜೊತೆಗಿದ್ದ ಬುಖಾರಿನ್‌ಗೆ ಹತ್ತಿರದವನಾಗಿದ್ದನು. ಅವನನ್ನು ಆ ಬಣಕ್ಕೆ ಕರೆತಂದದ್ದು ಅರ್ಥನೀತಿಯಲ್ಲ, ಒಬ್ಬನ ಕೈಯಲ್ಲಿ ಶೇಖರವಾಗುತ್ತಿದ್ದ ಅಧಿಕಾರದ ಭಯ. ಲೆನಿನ್ ಪೊಲಿಟ್‌ಬ್ಯೂರೊದ ಅಧ್ಯಕ್ಷನೂ ಆಗಿರಲಿಲ್ಲ, ಪ್ರಧಾನ ಕಾರ್ಯದರ್ಶಿಯೂ ಆಗಿರಲಿಲ್ಲ, ಆದರೂ ಪಕ್ಷದಲ್ಲಿ ಅವನ ಮಾತೇ ನಿರ್ಣಾಯಕವಾಗಿತ್ತು ಎಂದು ಸೊಕೊಲ್ನಿಕೊವ್ ವೇದಿಕೆಯಿಂದಲೇ ನೆನಪಿಸಿದನು. ಸ್ಟಾಲಿನ್‌ಗೆ ಅಂಥ ವಿಶ್ವಾಸ ಬೇಕಿದ್ದರೆ ಅವನೂ ಅದನ್ನು ಹುದ್ದೆಯ ಬಲವಿಲ್ಲದೆ ಗಳಿಸಿಕೊಳ್ಳಲಿ ಎಂಬುದು ಅವನ ಮಾತಿನ ತಿರುಳು. ಚಿನ್ನದ ಆಧಾರವಿಲ್ಲದ ನೋಟನ್ನು ಆಜ್ಞೆಯ ಬಲದಿಂದ ಚಲಾಯಿಸಲಾಗದು ಎಂದು ಹೇಳುತ್ತ ಬಂದಿದ್ದವನ ಬಾಯಿಯಿಂದ ಬಂದ ಮಾತು ಇದು. ಮತ ಎಣಿಸಿದಾಗ ಕೇಂದ್ರ ಸಮಿತಿಯ ಪರವಾಗಿ 559, ವಿರೋಧವಾಗಿ 65 ಬಿದ್ದವು.

1926ರ ಜನವರಿಯಲ್ಲಿ ಹಣಕಾಸು ಇಲಾಖೆ ಬ್ರ್ಯುಖಾನೊವ್ ಎಂಬವನ ಪಾಲಾಯಿತು. ಸೊಕೊಲ್ನಿಕೊವ್ ಯೋಜನಾ ಮಂಡಲಿಯ ಉಪಾಧ್ಯಕ್ಷನಾಗಿ ಬದಿಗೆ ಸರಿದನು. ಹಣ ಕಟ್ಟಿದವನು ಹೋದ ಮೇಲೆ ಹಣ ಬಹಳ ಕಾಲ ನಿಲ್ಲಲಿಲ್ಲ. 1926ರ ಜುಲೈನಲ್ಲಿ ಚೆರ್ವೊನೆಟ್ಸನ್ನು ದೇಶದಿಂದ ಹೊರಗೆ ಒಯ್ಯುವುದನ್ನೂ, 1928ರ ಮಾರ್ಚ್‌ನಲ್ಲಿ ಒಳಗೆ ತರುವುದನ್ನೂ ನಿಷೇಧಿಸಲಾಯಿತು. ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಕಟ್ಟುವವರು ಇಲ್ಲವಾದ ಮೇಲೆ ಸರ್ಕಾರದ ಕೈ ಹಿಡಿಯುವವರೂ ಇಲ್ಲವಾದರು. ಪಂಚವಾರ್ಷಿಕ ಯೋಜನೆಯ ಖರ್ಚಿಗೆ ನೋಟುಗಳ ಮುದ್ರಣ ಏರುತ್ತ ಹೋಗಿ, ಕಾಗದವನ್ನು ನಂಬದ ಜನ ಬೆಳ್ಳಿಯ ನಾಣ್ಯಗಳನ್ನು ಬಚ್ಚಿಟ್ಟುಕೊಂಡದ್ದರಿಂದ 1930ರಲ್ಲಿ ಚಿಲ್ಲರೆಯ ಅಭಾವವೇ ಉಂಟಾಯಿತು.

ವಿರೋಧಿ ಬಣದಿಂದ ದೂರ ಸರಿದು ಕೇಂದ್ರ ಸಮಿತಿಯಲ್ಲಿ ಉಳಿದುಕೊಂಡ ಸೊಕೊಲ್ನಿಕೊವ್, 1928ರ ಜುಲೈನಲ್ಲಿ ಮತ್ತೊಂದು ಅಪಾಯಕ್ಕೆ ಕೈಹಾಕಿದನು. ಸ್ಟಾಲಿನ್ ರೈತರ ಮೇಲೆ ಮತ್ತೆ ಬಲಪ್ರಯೋಗಕ್ಕೆ ತಿರುಗಿದ್ದನ್ನು ಕಂಡು ಹೆದರಿದ್ದ ಬುಖಾರಿನ್‌ನನ್ನು ಅವನು ಕಾಮೆನೆವ್ ಮನೆಗೆ ಕರೆದುಕೊಂಡು ಹೋದನು. ಆ ಮಾತುಕತೆಯ ಬಗ್ಗೆ ಕಾಮೆನೆವ್ ಬರೆದಿಟ್ಟುಕೊಂಡ ಟಿಪ್ಪಣಿ ಮುಂದೆ ಬಯಲಾಗಿ ಮೂವರಿಗೂ ಮುಳುವಾಯಿತು. 1929ರಲ್ಲಿ, ಬ್ರಿಟನ್ನಿನ ಲೇಬರ್ ಸರ್ಕಾರ ಕಡಿದುಹೋಗಿದ್ದ ಸಂಬಂಧವನ್ನು ಮತ್ತೆ ಜೋಡಿಸಿಕೊಂಡಾಗ, ಅವನನ್ನು ಲಂಡನ್ನಿಗೆ ರಾಯಭಾರಿಯಾಗಿ ಕಳುಹಿಸಲಾಯಿತು. ಮೂರು ವರ್ಷಗಳ ನಂತರ ಹಿಂದಿರುಗಿದವನಿಗೆ ವಿದೇಶಾಂಗ ಇಲಾಖೆಯಲ್ಲಿ ಉಪ ಕಮಿಸಾರ್, ಆಮೇಲೆ ಮರಮುಟ್ಟು ಉದ್ಯಮದ ಇಲಾಖೆಯಲ್ಲಿ ಅದೇ ದರ್ಜೆ, ಹೀಗೆ ಒಂದಕ್ಕಿಂತ ಒಂದು ಕಿರಿದಾದ ಹುದ್ದೆಗಳು ದೊರೆತವು.

1936ರ ಜುಲೈ 26ರಂದು ಅವನ ಬಂಧನವಾಯಿತು. 1937ರ ಜನವರಿ 23ರಿಂದ 30ರವರೆಗೆ ಮಾಸ್ಕೋದಲ್ಲಿ ನಡೆದ ಎರಡನೆಯ ಬಹಿರಂಗ ವಿಚಾರಣೆಯಲ್ಲಿ 17 ಆಪಾದಿತರ ನಡುವೆ ಅವನನ್ನು ನಿಲ್ಲಿಸಲಾಯಿತು. 1923ರಲ್ಲಿ ಅವನೊಂದಿಗೆ ಸಾಲಕ್ಕಾಗಿ ಜಗಳವಾಡಿದ್ದ ಪ್ಯತಕೊವ್ ಈಗ ಅದೇ ಕಟಕಟೆಯಲ್ಲಿದ್ದನು. ಸೊಕೊಲ್ನಿಕೊವ್‌ನ ಪತ್ನಿ, ಲೇಖಕಿ ಗಲೀನಾ ಸೆರೆಬ್ರ್ಯಕೊವಾಳ ಮೊದಲ ಪತಿಯಾಗಿದ್ದ ಲಿಯೊನಿದ್ ಸೆರೆಬ್ರ್ಯಕೊವ್ ಕೂಡ ಇದ್ದನು. ಟ್ರಾಟ್‌ಸ್ಕಿಯ ಆದೇಶದಂತೆ ಜರ್ಮನಿ, ಜಪಾನುಗಳೊಂದಿಗೆ ಕೂಡಿ ದೇಶವನ್ನು ತುಂಡುಮಾಡಲು ಹೂಡಿದ ಸಂಚು ಎಂದು ಸರ್ಕಾರಿ ವಕೀಲ ವಿಶಿನ್‌ಸ್ಕಿ ಮಂಡಿಸಿದ ಕಟ್ಟುಕಥೆಗೆ, ತಿಂಗಳುಗಟ್ಟಲೆ ಸೆರೆಯಲ್ಲಿ ನಲುಗಿದ್ದ ಆಪಾದಿತರು ತಲೆದೂಗಿದರು. ಬ್ರೆಸ್ಟ್‌ನಲ್ಲಿ ಬಲಾತ್ಕಾರದ ಒಪ್ಪಂದವನ್ನು ಚರ್ಚಿಸಲೂ ಒಪ್ಪದಿದ್ದ ಸೊಕೊಲ್ನಿಕೊವ್ ಇಲ್ಲಿ ತಾನು ಮಾಡದ ದ್ರೋಹವನ್ನು ವಿವರವಾಗಿ ಒಪ್ಪಿಕೊಂಡನು. 13 ಮಂದಿಗೆ ಮರಣದಂಡನೆಯಾಯಿತು. ಅವನಿಗೂ ಪತ್ರಕರ್ತ ರಾದೆಕ್‌ಗೂ 10 ವರ್ಷಗಳ ಸೆರೆ ವಿಧಿಸಲಾಯಿತು. ಜೀವದಾನವೆಂದು ಕಂಡ ಈ ತೀರ್ಪಿನ ಆಯಸ್ಸು ಎರಡೇ ವರ್ಷ. 1939ರ ಮೇ ತಿಂಗಳಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಇಬ್ಬರೂ ಸೆರೆಮನೆಯಲ್ಲಿ ಕೊಲೆಯಾದರು. ಸಹಕೈದಿಗಳ ಕೈಯಿಂದ ಸತ್ತರೆಂದು ದಾಖಲೆಯಲ್ಲಿ ಬರೆಯಲಾಯಿತು. ಸ್ಟಾಲಿನ್ ಮರಣಾನಂತರ ನಡೆದ ಅಧಿಕೃತ ತನಿಖೆಯಲ್ಲಿ ಅದು ಗುಪ್ತ ಪೊಲೀಸರು ಮೇಲಿನ ಅಪ್ಪಣೆಯಂತೆ ನಡೆಸಿದ ಹತ್ಯೆಯೆಂದು ಸಿದ್ಧವಾಯಿತು.

ಅಕ್ಟೋಬರ್ ದಂಗೆಯ ಮುನ್ನ ರಚಿತವಾದ ಏಳು ಜನರ ಮಂಡಲಿಯಲ್ಲಿ ಲೆನಿನ್ 1924ರಲ್ಲಿ ರೋಗದಿಂದ ತೀರಿಕೊಂಡನು. ಜಿನೊವಿಯೆವ್, ಕಾಮೆನೆವ್ 1936ರಲ್ಲಿ, ಬುಬ್ನೊವ್ 1938ರಲ್ಲಿ ಗುಂಡಿಗೆ ಬಲಿಯಾದರು. 1940ರಲ್ಲಿ ಮೆಕ್ಸಿಕೋದಲ್ಲಿ ಟ್ರಾಟ್‌ಸ್ಕಿಯ ಕೊಲೆಯಾದ ಮೇಲೆ ಉಳಿದವನು ಸ್ಟಾಲಿನ್ ಒಬ್ಬನೇ. ಸೊಕೊಲ್ನಿಕೊವ್ ಜೊತೆಗೂ ಹಿಂದೆಮುಂದೆಯೂ ಹಣಕಾಸು ನೋಡಿಕೊಂಡ ಹಲವರ ಗತಿಯೂ ಭಿನ್ನವಾಗಿರಲಿಲ್ಲ: ಯುರೊವ್‌ಸ್ಕಿ, ಕ್ರೆಸ್ತಿನ್‌ಸ್ಕಿ, ಬ್ರ್ಯುಖಾನೊವ್ ಮೂವರೂ 1938ರಲ್ಲಿ ಕೊಲ್ಲಲ್ಪಟ್ಟರು, ಸುಧಾರಣೆಯ ಕಾಲದಲ್ಲಿ ಸರ್ಕಾರಿ ಬ್ಯಾಂಕಿನ ಮುಖ್ಯಸ್ಥನಾಗಿದ್ದ ಶೈನ್‌ಮನ್ ಮಾತ್ರ ವಿದೇಶದಲ್ಲಿಯೇ ಉಳಿದುಕೊಂಡದ್ದರಿಂದ ಬದುಕಿದನು. ಸೆರೆಬ್ರ್ಯಕೊವಾ ಶಿಬಿರ ಮತ್ತು ಗಡಿಪಾರುಗಳಲ್ಲಿ ಎರಡು ದಶಕಗಳಷ್ಟು ಕಾಲ ಕಳೆದು ಮರಳಿ ಬಂದು ಮಾರ್ಕ್ಸ್ ಜೀವನದ ಕುರಿತು ಕಾದಂಬರಿಗಳನ್ನು ಬರೆದಳು.

1988ರಲ್ಲಿ ಸೋವಿಯತ್ ನ್ಯಾಯಾಲಯ ಸೊಕೊಲ್ನಿಕೊವ್ ಮೇಲಿನ ಆಪಾದನೆಗಳನ್ನೆಲ್ಲ ಅಳಿಸಿಹಾಕಿತು. ಅವನ ಹಣಕಾಸಿನ ಬರಹಗಳು 1991ರಲ್ಲಿ ಮಾಸ್ಕೋದಲ್ಲಿ ಮರುಮುದ್ರಣಗೊಂಡವು. ಸರ್ಕಾರದ ಕೊರತೆಯನ್ನು ನೋಟು ಅಚ್ಚುಹಾಕಿ ತುಂಬುವ ಪದ್ಧತಿಯಿಂದ ರೂಬಲ್ ಮತ್ತೊಮ್ಮೆ ಕುಸಿಯುತ್ತಿದ್ದ ಆ ವರ್ಷದಲ್ಲಿ ರಷ್ಯಾದ ಅರ್ಥಶಾಸ್ತ್ರಜ್ಞರು 1922ರ ಆಜ್ಞೆಯನ್ನೂ ಅದರ ಸುತ್ತಣ ಚರ್ಚೆಗಳನ್ನೂ ಓದಿದ್ದು ಚರಿತ್ರೆಯ ಕುತೂಹಲದಿಂದ ಮಾತ್ರವಲ್ಲ.